ಅಕ್ಕ ಬರೆದಿಟ್ಟ ತೂಕಗಳು

ನನ್ನ ಅಕ್ಕ ಮೂವತ್ತೆಂಟು ವರ್ಷ ಲಿಂಗದಹಳ್ಳಿಯ ಸುತ್ತಮುತ್ತಲ ಊರುಗಳಿಗೆ ನರ್ಸಮ್ಮನಾಗಿದ್ದಳು. ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಸುರಿಯರನ್ನು ವಿಚಾರಿಸಿಕೊಳ್ಳುವುದು, ಬಾಣಂತಿಯರ ಮನೆಗೆ ಹೋಗಿ ನೋಡಿಬರುವುದು ಎಲ್ಲ ಅವಳ ಕೆಲಸ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಗತಾನೆ ಹುಟ್ಟಿದ ಮಗುವನ್ನು ತೂಗುವುದು. ಹೆರಿಗೆಗಳು ಇನ್ನೂ ಮನೆಯಲ್ಲೇ ಆಗುತ್ತಿದ್ದ ಮೊದಲ ವರ್ಷಗಳಲ್ಲಿ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಹಳೇ ಸೀರೆಯ ಜೋಳಿಗೆಯಲ್ಲಿ ಮಗುವನ್ನು ಮಲಗಿಸಿ, ಕೊಕ್ಕೆಗೆ ಹಾಕಿ, ಮುಳ್ಳು ಅಲುಗಾಡುವುದು ನಿಲ್ಲುವ ತನಕ ಕಾಯಬೇಕು. ಮಗು ಅತ್ತರೆ ಮುಳ್ಳು ನಿಲ್ಲುವುದಿಲ್ಲ. ಅವಳು ಅವಸರ ಮಾಡುತ್ತಿರಲಿಲ್ಲ.

ಆಫೀಸಿನ ರಿಜಿಸ್ಟರಿಗೆ ಬರೆದಾದ ಮೇಲೆ ಅದೇ ತೂಕವನ್ನು ತನ್ನ ಸ್ವಂತದ ಒಂದು ನೋಟ್‌ಬುಕ್ಕಿಗೂ ಇಳಿಸಿಕೊಳ್ಳುತ್ತಿದ್ದಳು. ಹೆಸರಿಲ್ಲ, ಊರಿಲ್ಲ. ತಾರೀಖು, ಗಂಡೋ ಹೆಣ್ಣೋ, ಎಷ್ಟು ಗ್ರಾಂ, ಅಷ್ಟೇ. ಬಸುರಿಗೆ ಎಷ್ಟು ವಾರ ತುಂಬಿತ್ತು ಎಂಬುದನ್ನು ಬರೆದಿರಲಿಲ್ಲ. ಮುಟ್ಟಾದ ತಾರೀಖು ಸರಿಯಾಗಿ ನೆನಪಿರುವ ಹೆಂಗಸರು ಆಗ ಕಡಿಮೆ. ಹಬ್ಬ ಹಿಡಿದು, ಬಿತ್ತನೆ ಹಿಡಿದು ಲೆಕ್ಕ ಹೇಳುವವರೇ ಹೆಚ್ಚು. ಗೊತ್ತಿಲ್ಲದ್ದನ್ನು ಬರೆಯುವುದು ಅಕ್ಕನಿಗೆ ಆಗದ ಮಾತು. ಹಾಗೆ ಏಳು ನೋಟ್‌ಬುಕ್ ತುಂಬಿದ್ದವು.

ನಾವು ಅಜ್ಜಂಪುರದವರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಇಬ್ಬರೇ ಹೆಣ್ಣುಮಕ್ಕಳು. ಮನೆಯ ಗೋಡೆಯಲ್ಲಿ ಬುದ್ಧನ ಪಟದ ಕೆಳಗೆ ಅಪ್ಪ ನಮ್ಮಿಬ್ಬರ ಮಾರ್ಕ್ಸ್ ಕಾರ್ಡುಗಳನ್ನು ಮೊಳೆಗೆ ಸಿಕ್ಕಿಸಿ ಇಡುತ್ತಿದ್ದ. ಬಂದವರಿಗೆ ಅದನ್ನೇ ತೋರಿಸುತ್ತಿದ್ದ. ಮಾರ್ಕ್ಸು ಅಕ್ಕನದೇ ಜಾಸ್ತಿ. ಆದರೆ ಅಪ್ಪನ ಕಾಲಿನ ಮೇಲೆ ಹಳಿ ಬಿದ್ದು ಅವನು ಮನೆ ಹಿಡಿದ ವರ್ಷ ಅಕ್ಕ ಪಿಯುಸಿ ಮುಗಿಸಿ ನರ್ಸ್ ತರಬೇತಿಗೆ ಸೇರಿದಳು. ಅವಳು ಬೇಗ ಕೆಲಸಕ್ಕೆ ಹೋದದ್ದರಿಂದ ನಾನು ನಿಧಾನವಾಗಿ ಓದಿದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಡೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಅವಳು ಒಮ್ಮೆಯೂ ಅದನ್ನು ಆಡಿ ತೋರಿಸಿದವಳಲ್ಲ. ನನ್ನಿಂದ ಏನನ್ನೂ ಕೇಳಿದವಳೂ ಅಲ್ಲ.

ಅಕ್ಕನನ್ನು ತರೀಕೆರೆಗೆ ಕೊಟ್ಟಿದ್ದರು. ಭಾವ ಲೈನ್‌ಮನ್, ಮಾತು ಕಡಿಮೆ. ಮನೆಯ ಯಜಮಾನಿಕೆ ಅವಳ ಅತ್ತೆಯದು. ಮದುವೆಯಾದ ಎರಡನೇ ವರ್ಷ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಒಂದು ಕೆಜಿ ಒಂಬೈನೂರು ಗ್ರಾಂ. ನಾಲ್ಕು ದಿನ ಇತ್ತು. ಐದನೇ ದಿನ ಬೆಳಿಗ್ಗೆ ಹೋಯಿತು.

ಅತ್ತೆ ಹೇಳಿದ್ದು, ಬಸುರಿ ಹೆಂಗಸು ಲಸಿಕೆ ಡಬ್ಬ ಹೊತ್ತು ಆ ರಸ್ತೆಯಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಊರೂರು ತಿರುಗಿದಳು, ಎಂಟು ತಿಂಗಳಿಗೇ ಮಗು ಜಾರಿಹೋಯಿತು ಎಂದು. ನಮ್ಮಮ್ಮ ಹೇಳಿದ್ದು ಬೇರೆ. ಮಗು ತಿಂಗಳು ತುಂಬಿಯೇ ಹುಟ್ಟಿದೆ, ಆ ಮನೆಯಲ್ಲಿ ನನ್ನ ಮಗಳಿಗೆ ಹೊಟ್ಟೆಗೆ ಸರಿಯಾಗಿ ಇಕ್ಕಲಿಲ್ಲ, ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ತಿಂದುಕೊಂಡಿದ್ದಳು, ಅದಕ್ಕೇ ಮಗು ಒಣಗಿತ್ತು ಎಂದು. ಡಾಕ್ಟರ ಲೆಕ್ಕಕ್ಕೂ ಅಕ್ಕನ ಲೆಕ್ಕಕ್ಕೂ ಐದು ವಾರ ವ್ಯತ್ಯಾಸವಿತ್ತು. ಅಕ್ಕನಿಗೆ ಮುಟ್ಟು ಯಾವತ್ತೂ ಸರಿಯಾಗಿ ಆಗುತ್ತಿರಲಿಲ್ಲ. ಹಾಗಾಗಿ ಅವಳಿಗೂ ತನ್ನ ಲೆಕ್ಕದ ಮೇಲೆ ಭರವಸೆ ಇರಲಿಲ್ಲ. ಎರಡು ಮನೆಯವರು ಎರಡು ಮಾತು ಹಿಡಿದು ವರ್ಷಗಟ್ಟಲೆ ಮುಖ ಸಿಂಡರಿಸಿಕೊಂಡರು. ಅಕ್ಕ ಎರಡೂ ಮಾತನ್ನು ಕೇಳಿಸಿಕೊಂಡು ಕೆಲಸಕ್ಕೆ ಹೋಗಿಬಂದಳು. ತೂಕಗಳನ್ನು ತನಗಾಗಿ ಬರೆದಿಡಲು ಶುರು ಮಾಡಿದ್ದು ಆಗಲೇ. ಮೊದಲ ನೋಟ್‌ಬುಕ್ಕಿನ ಮೊದಲ ಸಾಲು ಅವಳ ಮಗುವಿನದು.

ಆಮೇಲೆ ಅವಳಿಗೆ ಒಬ್ಬ ಮಗ ಹುಟ್ಟಿದ. ಈಗ ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮುಂದೆ ಆ ಮಗುವಿನ ಮಾತು ಯಾರೂ ಎತ್ತುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ನಾನು ಪಿಎಚ್‌ಡಿಗೆ ರಿಜಿಸ್ಟರ್ ಮಾಡಿಸಿಕೊಂಡೆ. ಮಿಕ್ಸ್ಚರ್ ಮಾಡೆಲ್‌ಗಳ ಪ್ಯಾರಾಮೀಟರುಗಳನ್ನು ಅಂದಾಜು ಮಾಡುವುದು ನನ್ನ ವಿಷಯ. ಅದು ಏನೆಂದು ಅಕ್ಕ ಒಮ್ಮೆ ಕೇಳಿದಳು. ನಾನು ನಮ್ಮೂರಿನ ಈರುಳ್ಳಿ ಹಿಡಿದು ಹೇಳಿದೆ. ಎರಡು ಹೊಲದ ಈರುಳ್ಳಿಯನ್ನು ಒಂದೇ ರಾಶಿಗೆ ಸುರಿದಿದ್ದಾರೆ. ಒಂದು ಹೊಲದ ಗಡ್ಡೆ ದಪ್ಪ, ಇನ್ನೊಂದರದ್ದು ಸಣ್ಣ. ಆದರೆ ದಪ್ಪನೆಯ ಹೊಲದಲ್ಲೂ ಸಣ್ಣ ಗಡ್ಡೆ ಬಂದಿರುತ್ತದೆ, ಸಣ್ಣದರ ಹೊಲದಲ್ಲೂ ಒಂದೊಂದು ದಪ್ಪ ಇರುತ್ತದೆ. ಯಾವುದು ಯಾವ ಹೊಲದ್ದೆಂದು ಗುರುತು ಹಾಕಿದವರಿಲ್ಲ. ನಮ್ಮ ಕೈಗೆ ಸಿಕ್ಕಿರುವುದು ಒಂದೊಂದು ಗಡ್ಡೆಯ ತೂಕ ಮಾತ್ರ. ಅಷ್ಟರಿಂದಲೇ ಒಂದೊಂದು ಹೊಲದ ಸರಾಸರಿ ತೂಕ ಎಷ್ಟು, ಅದರ ಆಚೀಚೆ ಎಷ್ಟು ಹರಡಿದೆ, ರಾಶಿಯಲ್ಲಿ ಯಾವ ಹೊಲದ ಪಾಲು ಎಷ್ಟು ಎಂದು ಕಂಡುಹಿಡಿಯಬೇಕು.

ಗುರುತೇ ಇಲ್ಲದಿದ್ದರೆ ಹೇಗೆ ಕಂಡುಹಿಡಿಯುತ್ತೀಯ ಎಂದಳು. ಮೊದಲು ಒಂದು ಊಹೆ ಮಾಡಿಕೊಳ್ಳುತ್ತೇವೆ ಎಂದೆ. ಆ ಊಹೆಯ ಪ್ರಕಾರ ಪ್ರತಿ ಗಡ್ಡೆಯನ್ನೂ ಇಷ್ಟು ಪಾಲು ಆ ಹೊಲದ್ದು, ಇಷ್ಟು ಪಾಲು ಈ ಹೊಲದ್ದು ಎಂದು ಹಂಚುತ್ತೇವೆ. ಹಂಚಿದ್ದರಿಂದ ಸರಾಸರಿಗಳನ್ನು ಹೊಸದಾಗಿ ತೆಗೆಯುತ್ತೇವೆ. ಹೊಸ ಸರಾಸರಿ ಹಿಡಿದು ಮತ್ತೆ ಹಂಚುತ್ತೇವೆ. ಉತ್ತರ ಬದಲಾಗುವುದು ನಿಲ್ಲುವ ತನಕ ಹೀಗೇ. ಅಕ್ಕ ನಕ್ಕು, ಊಹೆಯಿಂದ ಶುರು ಮಾಡಿ ಊಹೆಯಲ್ಲೇ ಮುಗಿಸುತ್ತೀಯ ಅನ್ನು ಎಂದಳು. ನಾನೂ ನಕ್ಕೆ.

ನನ್ನ ಗೈಡ್ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಬರೀ ಸೂತ್ರ ಸಾಲದು, ನಿಜವಾದ ಯಾವುದಾದರೂ ಡೇಟಾ ತನ್ನಿ ಎಂದರು. ನನಗೆ ತಕ್ಷಣ ಹೊಳೆದದ್ದು ಅಕ್ಕನ ನೋಟ್‌ಬುಕ್‌ಗಳು. ಹುಟ್ಟಿದ ಮಕ್ಕಳ ತೂಕದಲ್ಲಿ ಹೆಚ್ಚಿನವು ಒಂದು ದೊಡ್ಡ ಗುಂಪಾಗಿ ನಿಲ್ಲುತ್ತವೆ. ತೀರ ಕಡಿಮೆ ತೂಕದವು ಎಡಗಡೆ ಒಂದು ಚಿಕ್ಕ ಗುಂಪಾಗಿ ಅದಕ್ಕೆ ಅಂಟಿಕೊಂಡಿರುತ್ತವೆ. ಎರಡು ಗುಂಪು ಒಂದರೊಳಗೊಂದು ಸೇರಿಕೊಂಡಿರುವ ಇಂಥ ಲೆಕ್ಕವೇ ನನಗೆ ಬೇಕಾಗಿದ್ದದ್ದು.

ಕೇಳಿದ ವಾರವೇ ಅಕ್ಕ ಏಳೂ ನೋಟ್‌ಬುಕ್ ಹಿಡಿದು ಕಡೂರಿಗೆ ಬಂದಳು. ಐದಾರು ಭಾನುವಾರ ಬಂದಳು. ಅವಳು ತೂಕಗಳನ್ನು ಓದುತ್ತಿದ್ದಳು, ನಾನು ಲ್ಯಾಪ್‌ಟಾಪಿಗೆ ಹೊಡೆಯುತ್ತಿದ್ದೆ. ಎರಡು ಕೆಜಿ ಎಂಟುನೂರು. ಎರಡು ಆರುನೂರೈವತ್ತು. ಮೂರು ನೂರು. ನಡುನಡುವೆ ತಾರೀಖು ನೋಡಿ ನಿಲ್ಲಿಸುತ್ತಿದ್ದಳು. ಇವನು ಈಗ ತರೀಕೆರೆಯಲ್ಲಿ ಆಟೋ ಓಡಿಸುತ್ತಾನೆ, ನನ್ನನ್ನು ಕಂಡರೆ ಹತ್ತಿಸಿಕೊಳ್ಳದೆ ಬಿಡುವುದಿಲ್ಲ. ಇವಳು ಹುಟ್ಟುವಾಗ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು, ಈಗ ಇವಳಿಗೇ ಎರಡು ಮಕ್ಕಳು. ಕೆಲವು ಸಾಲುಗಳ ಹತ್ತಿರ ಏನೂ ಹೇಳದೆ ಬೇಗ ಮುಂದಕ್ಕೆ ಹೋಗುತ್ತಿದ್ದಳು. ಅವು ಉಳಿಯದ ಮಕ್ಕಳೆಂದು ನನಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನ ಇಬ್ಬರೂ ಮುದ್ದೆ ಉಂಡು ಒಂದೇ ಚಾಪೆಯ ಮೇಲೆ ಉರುಳಿಕೊಳ್ಳುತ್ತಿದ್ದೆವು. ಅವಳ ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಜೊತೆಗಿದ್ದದ್ದು ಆ ಭಾನುವಾರಗಳಲ್ಲೇ. ನನ್ನ ಓದಿನಲ್ಲಿ ಅವಳಿಗೂ ಒಂದು ಪಾಲು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಕೊನೆಯ ಭಾನುವಾರ ಪ್ರೋಗ್ರಾಮ್ ಓಡಿಸಿ ಅವಳಿಗೆ ತೋರಿಸಿದೆ. ಪರದೆಯ ಮೇಲೆ ಒಂದು ದೊಡ್ಡ ದಿಬ್ಬ, ಅದರ ಎಡಕ್ಕೆ ಒಂದು ಚಿಕ್ಕ ದಿಬ್ಬ. ದೊಡ್ಡದು ತಿಂಗಳು ತುಂಬಿ ಹುಟ್ಟಿದ ಮಕ್ಕಳು, ಚಿಕ್ಕದು ಮುಂಚೆಯೇ ಹುಟ್ಟಿದವರು ಎಂದು ಬೆರಳಿಟ್ಟು ಹೇಳಿದೆ. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಇದರಲ್ಲಿ ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ಹೇಳುತ್ತದೆಯೇ ಎಂದು ಕೇಳಿದಳು. ಹೇಳುತ್ತದೆ, ಯಾವ ಗುಂಪಿಗೆ ಎಷ್ಟು ಪಾಲು ಎಂದು ಹೇಳುತ್ತದೆ ಎಂದೆ.

"ಹಂಗಾದ್ರೆ ಮೊದಲ್ನೇ ಸಾಲು ನೋಡೇ," ಎಂದಳು.

ನೋಡಿದೆ. ನೂರಕ್ಕೆ ಎಪ್ಪತ್ತೆಂಟು ಪಾಲು ಚಿಕ್ಕ ದಿಬ್ಬದ ಕಡೆಗೆ ತೋರಿಸುತ್ತಿತ್ತು.

ಆಗ ನಾನು ಸುಮ್ಮನಿರಬೇಕಿತ್ತು. ಇದು ಹಾಗೆಲ್ಲ ಹೇಳುವ ಲೆಕ್ಕ ಅಲ್ಲ ಅಕ್ಕ ಎನ್ನಬೇಕಿತ್ತು. ಆದರೆ ನಾನು ಹುಟ್ಟಿದ ಮೇಲೆ ಅವಳು ಮೊದಲ ಸಲ ನನ್ನಿಂದ ಏನನ್ನೋ ಕೇಳಿದ್ದಳು. ನಾನು ಓದಿದ್ದರಿಂದ ಮಾತ್ರ ಹೇಳಬಹುದಾದ ಒಂದು ಉತ್ತರ ನನ್ನ ಕಣ್ಣೆದುರಿಗೇ ಇತ್ತು. "ಮುಂಚೇನೇ ಹುಟ್ಟಿದ್ದು ಅಕ್ಕ. ನೂರಕ್ಕೆ ಎಪ್ಪತ್ತೆಂಟು," ಎಂದುಬಿಟ್ಟೆ.

ಅವಳು ಕನ್ನಡಕ ತೆಗೆದು ಮಡಿಚಿದಳು. "ಹಂಗಾದ್ರೆ ಅತ್ತೆ ಹೇಳಿದ್ದೇ ಸರಿ. ನಾನೇ ಕಣೇ," ಎಂದಳು.

ಹಾಗಲ್ಲ ಅಕ್ಕ, ಮುಂಚೆ ಹುಟ್ಟುವುದಕ್ಕೆ ನೂರು ಕಾರಣ ಇರುತ್ತದೆ, ನಿನಗೆ ನಾನು ಹೇಳಬೇಕೇ ಎಂದೆಲ್ಲ ಅಂದೆ. ನರ್ಸಮ್ಮನಾಗಿ ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಕೇಳಿಸಿಕೊಳ್ಳಲಿಲ್ಲ. ನೋಟ್‌ಬುಕ್‌ಗಳನ್ನು ನನ್ನ ಹತ್ತಿರವೇ ಬಿಟ್ಟು ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು. ಬಸ್ಸು ಹತ್ತಿಸಲು ಹೋದಾಗ ಕಿಟಕಿಯಿಂದ ಕೈಯಾಡಿಸಿದಳು ಕೂಡ. ಸಮಾಧಾನವಾಗಿದ್ದಾಳೆ ಎಂದುಕೊಂಡು ನಾನು ಮನೆಗೆ ಬಂದೆ.

ಆ ಹೊತ್ತಿಗೆ ಅವಳ ಅತ್ತೆ ಪಾರ್ಶ್ವವಾಯು ಹೊಡೆದು ಮಲಗಿ ಒಂದು ವರ್ಷವಾಗಿತ್ತು. ಮಾತು ನಿಂತುಹೋಗಿತ್ತು. ಗಂಜಿ ಕುಡಿಸುವುದು, ಮಗ್ಗುಲು ಬದಲಾಯಿಸುವುದು, ಬಟ್ಟೆ ಒಗೆಯುವುದು ಎಲ್ಲ ಅಕ್ಕನೇ ಮಾಡುತ್ತಿದ್ದಳು. ಆ ವಾರ ಭಾವ ನನಗೆ ಫೋನ್ ಮಾಡಿದರು. ತಾವಾಗಿ ಫೋನ್ ಮಾಡುವವರೇ ಅಲ್ಲ. ನಿಮ್ಮಕ್ಕನಿಗೆ ಏನು ಹೇಳಿದೆಯಮ್ಮ ಎಂದು ಕೇಳಿದರು. ಅಕ್ಕ ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕಾಲ ಹತ್ತಿರ ಕೂತು ಎರಡೂ ಪಾದ ಹಿಡಿದುಕೊಂಡಳಂತೆ. ಮಗು ನನ್ನಿಂದಲೇ ಹೋಯಿತು, ಇಷ್ಟು ವರ್ಷ ನಿಮ್ಮ ಮೇಲೆ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡಿದ್ದೆ, ನನ್ನನ್ನು ಕ್ಷಮಿಸಿ ಎಂದಳಂತೆ. ಮುದುಕಿಗೆ ಕಿವಿ ಸರಿಯಾಗಿಯೇ ಇತ್ತು. ಕಣ್ಣಲ್ಲಿ ನೀರು ಬಂತಂತೆ. ಆಡುವ ಕೈಯನ್ನು ಎತ್ತಿ ಇಲ್ಲ ಇಲ್ಲ ಎನ್ನುವ ಹಾಗೆ ಆಡಿಸಿದಳಂತೆ.

ಆ ಸನ್ನೆ ಏನೆಂದು ಯಾರಿಗೂ ತಿಳಿಯಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದು ಅವ್ವ ಹೇಳಿದ್ದು ಎಂದು ಭಾವ ಅಂದರು. ಅಕ್ಕ ಒಪ್ಪಲಿಲ್ಲ. ಕ್ಷಮಿಸುವುದಿಲ್ಲ ಎಂದೇ ಹೇಳಿದರು ಎಂದಳು. ಒಂದು ತಿಂಗಳಾಗುವಷ್ಟರಲ್ಲಿ ಅತ್ತೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಅಕ್ಕ ಎಲ್ಲರಿಗಿಂತ ದೂರ, ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಅವಳು ಅಷ್ಟೊಂದು ಇಳಿದುಹೋದದ್ದನ್ನು ನಾನು ಅತ್ತೆಯ ಸೇವೆಯ ದಣಿವು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಮುಂದಿನ ತಿಂಗಳು ಗೈಡ್ ಹತ್ತಿರ ಅಧ್ಯಾಯ ತೆಗೆದುಕೊಂಡು ಹೋದೆ. ಅವರು ಹಾಳೆ ತಿರುವುತ್ತಾ ಒಂದು ಕಡೆ ಪೆನ್ಸಿಲ್ ಇಟ್ಟು ನಿಂತರು. ನಿಮ್ಮ ಡೇಟಾದಲ್ಲಿ ವಾರಗಳ ಲೆಕ್ಕ ಇದೆಯೇ ಎಂದು ಕೇಳಿದರು. ಇಲ್ಲ ಸರ್ ಎಂದೆ.

"ಮತ್ತೆ ಈ ಗುಂಪಿಗೆ ಅವಧಿಗೆ ಮುಂಚೆ ಹುಟ್ಟಿದವರು ಅಂತ ಹೆಸರಿಟ್ಟವರು ಯಾರಮ್ಮ?"

ಲೆಕ್ಕ ಕೊಟ್ಟಿದ್ದು ಎರಡು ಗುಂಪನ್ನು. ಒಂದನೆಯದು, ಎರಡನೆಯದು ಎಂಬುದಕ್ಕಿಂತ ಹೆಚ್ಚಿನ ಹೆಸರು ಅವಕ್ಕೆ ಇರಲಿಲ್ಲ. ಹೆಸರಿಟ್ಟವಳು ನಾನು. ಚಿಕ್ಕ ಗುಂಪಿನಲ್ಲಿ ಮುಂಚೆ ಹುಟ್ಟಿದ ಮಕ್ಕಳೂ ಇರಬಹುದು, ತಿಂಗಳು ತುಂಬಿಯೂ ಒಣಗಿ ಹುಟ್ಟಿದ ಮಕ್ಕಳೂ ಇರಬಹುದು. ತೂಕ ಒಂದನ್ನೇ ನೋಡಿ ಬೇರೆ ಮಾಡಲು ಬರುವುದಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. ಎಷ್ಟು ಬೇರೆ ಬೇರೆ ಊಹೆಗಳಿಂದ ಶುರು ಮಾಡಿ ನೋಡಿದಿರಿ ಎಂದರು. ಒಂದರಿಂದಲೇ ಎಂದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿ ಮತ್ತೆ ಹಾಳೆ ನೋಡಿದರು. ಬೈಯಲಿಲ್ಲ.

ಮನೆಗೆ ಬಂದು ಬೇರೆ ಬೇರೆ ಊಹೆಗಳಿಂದ ಶುರು ಮಾಡಿ ಓಡಿಸಿದೆ. ಉತ್ತರ ಎರಡು ಕಡೆ ನಿಲ್ಲುತ್ತಿತ್ತು. ಒಂದು, ನಾನು ಅಕ್ಕನಿಗೆ ತೋರಿಸಿದ್ದು. ಇನ್ನೊಂದರಲ್ಲಿ ಚಿಕ್ಕ ದಿಬ್ಬ ಇನ್ನೂ ಎಡಕ್ಕೆ ಸರಿದು, ದೊಡ್ಡ ದಿಬ್ಬ ಅಗಲವಾಗಿ ಹರಡಿಕೊಳ್ಳುತ್ತಿತ್ತು. ಅದರಲ್ಲಿ ಮೊದಲ ಸಾಲಿನ ಮಗುವಿನ ಹೆಚ್ಚಿನ ಪಾಲು ದೊಡ್ಡ ದಿಬ್ಬಕ್ಕೇ ಹೋಗುತ್ತಿತ್ತು. ಇದಕ್ಕಿಂತ ಅದು ಮೇಲೆಂದು ಆರಿಸಲು ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಇಂಥದ್ದು ಆಗುತ್ತದೆ ಎಂದು ನಾನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಹೇಳುತ್ತಿದ್ದೆ.

ಮಾರನೆಯ ದಿನ ರಜೆ ಹಾಕಿ ತರೀಕೆರೆಗೆ ಹೋದೆ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ನಾನೂ ಕೂತು ಪಾತ್ರೆಗೆ ಕೈ ಹಾಕಿದೆ. ಸ್ವಲ್ಪ ಹೊತ್ತು ಬೇರೆ ಮಾತಾಡಿದೆವು. ಆಮೇಲೆ, ಅವತ್ತು ನಾನು ಹೇಳಿದ್ದು ತಪ್ಪು ಎಂದೆ.

ಹಾಗಾದರೆ ಮಗು ತಿಂಗಳು ತುಂಬಿಯೇ ಹುಟ್ಟಿತ್ತೇ ಎಂದು ಕೇಳಿದಳು. ಅವಳ ಮುಖ ಒಂದು ಗಳಿಗೆ ಎಷ್ಟು ಬಿಚ್ಚಿಕೊಂಡಿತೆಂದರೆ, ಹೌದು ಎಂದುಬಿಡೋಣ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಎರಡನೇ ಸಲ ಅದನ್ನೇ ಮಾಡಲಾರದೆ, ಅದೂ ಹೇಳಲಾಗುವುದಿಲ್ಲ, ತೂಕ ಒಂದರಿಂದ ಯಾವುದನ್ನೂ ಹೇಳಲಾಗುವುದಿಲ್ಲ ಎಂದೆ.

ಅವಳು ನಾಲ್ಕಾರು ಕಾಳು ಹಿಸುಕಿದಳು.

"ಹೇಳಕ್ಕಾಗಲ್ಲ ಅನ್ನೋದು ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ಆದ್ರೂ ಹೇಳ್ಬಿಟ್ಟೆ."

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಅದು ಬೇಡವೆಂದೇ ಕೇಳಲಿಲ್ಲವೇನೋ. ಪಾತ್ರೆಯ ನೀರಿನ ಮೇಲೆ ತೇಲುತ್ತಿದ್ದ ಸಿಪ್ಪೆಯನ್ನು ಅಂಗೈಯಿಂದ ಒಂದು ಕಡೆಗೆ ದೂಡುತ್ತಾ, "ಅತ್ತೆ ಇದ್ದಾಗ್ಲೇ ಬಂದು ಹೇಳಿದ್ರೆ ಆಗ್ತಿತ್ತು ಕಣೇ," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅವತ್ತು ಅವರೆಕಾಳಿನ ಸಾರು, ಮುದ್ದೆ ಮಾಡಿ ಬಡಿಸಿದಳು. ಇನ್ನೊಂದು ಸೌಟು ಹಾಕಿಸಿಕೋ ಎಂದು ಯಾವಾಗಿನಂತೆಯೇ ಬಲವಂತ ಮಾಡಿದಳು. ಹೊರಡುವಾಗ ಗೇಟಿನ ತನಕ ಬಂದು, ಮಿಕ್ಕ ತೂಕಗಳನ್ನೆಲ್ಲ ಇಟ್ಟುಕೋ, ಆ ಒಂದನ್ನು ಮಾತ್ರ ನಿನ್ನ ಲೆಕ್ಕದಿಂದ ತೆಗೆದುಬಿಡು ಎಂದಳು.

ಮನೆಗೆ ಬಂದು ತೆಗೆದೆ. ಮೊದಲ ಸಾಲು ಅಳಿಸಿ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿದೆ. ಸಾವಿರಗಟ್ಟಲೆ ತೂಕಗಳ ಮಧ್ಯೆ ಒಂದು ಹೋದರೆ ಏನಾಗುತ್ತದೆ? ಸರಾಸರಿಗಳು ಇದ್ದಲ್ಲೇ ಇದ್ದವು. ಪಾಲುಗಳೂ ಹಾಗೇ ಇದ್ದವು. ಬದಲಾವಣೆ ಕಾಣಬೇಕಾದರೆ ದಶಾಂಶದ ನಂತರ ಎಷ್ಟೋ ಅಂಕಿ ದಾಟಿ ಹೋಗಬೇಕಿತ್ತು. ಹೀಗೇ ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಪರದೆಯ ಮುಂದೆ ಕೂತು ನಾನು ಅತ್ತಷ್ಟು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ಅಕ್ಕನ ಆ ನಾಲ್ಕು ದಿನದ ಮಗುವನ್ನು ನಾನು ಒಮ್ಮೆ ಎತ್ತಿಕೊಂಡಿದ್ದೆ. ತಲೆಯ ತುಂಬ ಕೂದಲಿತ್ತು.

ಪ್ರಬಂಧ ಮುಗಿಯಿತು, ಡಿಗ್ರಿ ಬಂತು. ಆ ಅಧ್ಯಾಯದಲ್ಲಿ ಗುಂಪುಗಳಿಗೆ ಹೆಸರಿಲ್ಲ, ಎರಡು ಉತ್ತರಗಳನ್ನೂ ಬರೆದಿದ್ದೇನೆ. ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಪ್ಪ ಇದ್ದಿದ್ದರೆ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದ ಎಂದು ಭಾವನ ಹತ್ತಿರ ಹೇಳಿದಳು. ನನ್ನ ಮುಖ ನೋಡಿ ಹೇಳಲಿಲ್ಲ.

ಮಗು ಹೋದ ದಿನ ಪ್ರತಿವರ್ಷ ಅಕ್ಕ ಯಾರಿಗೂ ಕಾರಣ ಹೇಳದೆ ನಾನಿದ್ದಲ್ಲಿಗೆ ಬರುತ್ತಿದ್ದಳು. ಮೊದಲು ಅಜ್ಜಂಪುರಕ್ಕೆ, ಆಮೇಲೆ ಕಡೂರಿಗೆ. ಬಂದು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಉಂಡು, ಮಲಗಿ, ಸಂಜೆ ಟೀ ಕುಡಿದು ಹೋಗುತ್ತಿದ್ದಳು. ನನಗೂ ಆ ದಿನ ಕಾಲೇಜಿಗೆ ರಜೆ ಹಾಕುವುದು ರೂಢಿಯಾಗಿತ್ತು. ಅವರೆಕಾಳಿನ ಆ ದಿನದಿಂದ ಈಚೆಗೆ ಅವಳು ಬಂದಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ಬಿಡುವು ಇದ್ದರೂ ಬಂದಿಲ್ಲ. ಬೇರೆ ದಿನ ನಾನು ತರೀಕೆರೆಗೆ ಹೋದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಮಗನ ಅಂಗಡಿಯ ವಿಷಯ, ಅವಳ ಮಂಡಿನೋವು, ನನ್ನ ಬಿ.ಪಿ. ಮಾತ್ರೆ, ಎಲ್ಲ ಮಾತಾಡುತ್ತೇವೆ.

ಈ ವರ್ಷವೂ ಆ ದಿನ ರಜೆ ಹಾಕಿದೆ. ಹನ್ನೊಂದರ ತನಕ ಕಾದು ಫೋನ್ ಮಾಡಿದೆ. ಸಂತೆಗೆ ಬಂದಿದ್ದೇನೆ, ಗಲಾಟೆಯಲ್ಲಿ ಏನೂ ಕೇಳಿಸುತ್ತಿಲ್ಲ, ಊಟ ಮಾಡಿದೆಯಾ ಎಂದಳು. ಇನ್ನೂ ಇಲ್ಲ ಎಂದೆ. ಮಾಡು ಎಂದು ಇಟ್ಟಳು. ಅವತ್ತು ಶುಕ್ರವಾರವಲ್ಲ, ತರೀಕೆರೆಯಲ್ಲಿ ಅವಳು ಹೋಗುವ ಸಂತೆ ಶುಕ್ರವಾರದ್ದು. ಫೋನಿನಲ್ಲಿ ಗಲಾಟೆಯೂ ಇರಲಿಲ್ಲ. ನಾನು ಒಬ್ಬಳಿಗೆ ಅನ್ನಕ್ಕಿಟ್ಟೆ.